ಗೋತ್ರ ಕೂಡಿತು, ರಕ್ತ ಕೂಡಲಿಲ್ಲ

ನನ್ನ ಗಂಡನ ಮೈಯಲ್ಲಿ ಇನ್ನೊಬ್ಬ ಹೆಂಗಸಿನ ರಕ್ತ ಹರಿಯುತ್ತಿತ್ತು. ಹೊಟ್ಟೆಕಿಚ್ಚಿನಿಂದ ಹೀಗೆ ಬರೆಯುತ್ತಿದ್ದಾಳೆ ಎಂದು ಯಾರಾದರೂ ಅಂದುಕೊಂಡರೆ ಅವರ ಊಹೆ ಸರಿ. ಆ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಈಗ ನನಗೆ ವಯಸ್ಸಾಗಿದೆ, ಅತ್ತೆಯೂ ಇಲ್ಲ, ಯಾರ ದಾಕ್ಷಿಣ್ಯವೂ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾವು ಕಾಸರಗೋಡಿನ ಕಡೆಯವರು. ಅವರಿಗೆ ಕೊಚ್ಚಿ ಬಂದರಿನಲ್ಲಿ ಕೇಂದ್ರ ಸರ್ಕಾರದ ನೌಕರಿ. ಮಟ್ಟಾಂಚೇರಿಯಲ್ಲಿ ಒಣಶುಂಠಿಯ ಗೋದಾಮೊಂದರ ಮಹಡಿಯಲ್ಲಿ ಬಾಡಿಗೆಗಿದ್ದೆವು: ಅವರು, ನಾನು, ಅತ್ತೆ. ಮಕ್ಕಳಿರಲಿಲ್ಲ. ಬೆಳಿಗ್ಗೆ ಬೋಟು ಹಿಡಿದು ಕಚೇರಿಗೆ ಹೋಗಿ ಸಂಜೆ ಬೋಟಿನಲ್ಲೇ ಮರಳುತ್ತಿದ್ದ ಮನುಷ್ಯ ಒಂದು ಬೇಸಗೆಯಲ್ಲಿ ಮೆಟ್ಟಿಲಿನ ನಡುವೆ ನಿಲ್ಲತೊಡಗಿದರು. ಏದುಸಿರು ಬಂದದ್ದು ಯಾರಿಗೂ ತಿಳಿಯಬಾರದೆಂದು ಕೆಳಗಿನ ಶುಂಠಿ ಮೂಟೆಗಳನ್ನು ನೋಡುವ ನಟನೆ. ಇವರಿಗೆ ಶುಂಠಿಯ ಮೇಲೆ ಯಾವಾಗ ಇಷ್ಟು ಪ್ರೀತಿ ಬಂತು ಎಂದು ನಾನು ಮೊದಲು ತಮಾಷೆ ಮಾಡಿದೆ. ಆಮೇಲೆ ಮುಖ ಬಿಳಿಚಿತು. ಎಡಪಕ್ಕೆಯ ಕೆಳಗೆ ಹೊಟ್ಟೆ ಗಟ್ಟಿಯಾಗಿ ಉಬ್ಬಿತು. ಎರಡು ತುತ್ತು ಉಂಡರೆ ಸಾಕು ಎನ್ನುತ್ತಿದ್ದರು. ಎರ್ನಾಕುಳಂನ ಡಾಕ್ಟರು ಹೊಟ್ಟೆ ಅದುಮಿ ನೋಡಿ ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಎದೆಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆಯಲು ನೋಡಿದರು. ಏನೂ ಬರಲಿಲ್ಲ. ಜಾಗ ಬದಲಿಸಿ ಇನ್ನೊಮ್ಮೆ ಚುಚ್ಚಿದರೂ ಸೂಜಿ ಒಣಗಿಯೇ ಹೊರಬಂತು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಮಲಯಾಳದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಕಾಸರಗೋಡಿನವರಾದ ನಮಗೆ ಆ ಭಾಷೆ ಹೊಸತಲ್ಲ. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಇವರ ಮಜ್ಜೆ ನಾರಾಗುತ್ತಿದೆ. ಆ ಕೆಲಸವನ್ನು ತಾನು ಮಾಡುತ್ತೇನೆಂದು ಎಡಪಕ್ಕೆಯ ಕೆಳಗಿನ ಗುಲ್ಮ, ಡಾಕ್ಟರ ಮಾತಿನಲ್ಲಿ ಸ್ಪ್ಲೀನ್, ಹೊರಟಿದೆ, ಅದಕ್ಕೇ ಅಷ್ಟು ಊದಿದೆ. ಆದರೆ ಅದರ ಕೈಯಲ್ಲಿ ಆಗುತ್ತಿಲ್ಲ. ನನಗೆ ಬಳ್ಳಿಯಲ್ಲೇ ಬಲಿತು ಒಳಗೆಲ್ಲ ನಾರಾದ ಹೀರೆಕಾಯಿ ಕಣ್ಣ ಮುಂದೆ ಬಂತು. ಗುಣ ಮಾಡುವ ಔಷಧಿ ತಮ್ಮಲ್ಲಿಲ್ಲ, ರಕ್ತ ಇಳಿದಾಗಲೆಲ್ಲ ಬೇರೆಯವರ ರಕ್ತ ಏರಿಸಿ ಮನುಷ್ಯನನ್ನು ನಡೆಯುವ ಹಾಗೆ ಇಟ್ಟುಕೊಳ್ಳಬಹುದು, ಅಷ್ಟೇ ಎಂದರು. ಎಷ್ಟು ಕಾಲ ಎಂದು ನಾನು ಕೇಳಿದೆ. ಡಾಕ್ಟರು ಮುಂದಿನ ರೋಗಿಯ ಚೀಟಿ ಎತ್ತಿಕೊಂಡರು.

ಕೆಂಪು ಕಣ ಮಾತ್ರವಲ್ಲ, ಜ್ವರ ತಡೆಯುವ ಬಿಳಿ ಕಣವೂ ಕಡಿಮೆ, ಗಾಯದಲ್ಲಿ ರಕ್ತ ನಿಲ್ಲಿಸುವ ಕಣವೂ ಕಡಿಮೆ. ಹಾಗಾಗಿ ಮನೆಯಲ್ಲಿ ಹೊಸ ಕಾನೂನು ಬಂತು. ಕ್ಷೌರದ ಕತ್ತಿ ಮುಟ್ಟುವಂತಿಲ್ಲ. ಹಲ್ಲಿಗೆ ಬ್ರಷ್ ಇಲ್ಲ, ಬೆರಳಿನಿಂದ ಮೆಲ್ಲಗೆ. ಬರಿಗಾಲಿನಲ್ಲಿ ನಡೆಯಬಾರದು, ನೆಗಡಿಯಾದವರ ಹತ್ತಿರ ಕೂರಬಾರದು, ಕುದಿಸದ ನೀರು ಬೇಡ, ತಲೆನೋವಿನ ಮಾತ್ರೆ ಬೇಡ. ಅವರ ಗಡ್ಡವನ್ನು ನಾನೇ ಚಿಕ್ಕ ಕತ್ತರಿಯಿಂದ ಕತ್ತರಿಸುತ್ತಿದ್ದೆ. ಅತ್ತೆ ಮಾತ್ರ ಸರ್ಕಾರದೊಳಗೆ ಇನ್ನೊಂದು ಸರ್ಕಾರ ನಡೆಸಿದರು. ಬೀಟ್‌ರೂಟು ಕೆಂಪಗಿದೆ, ಬಸಳೆಯ ಹಣ್ಣು ಕೆಂಪಗಿದೆ ಎಂದು ಕೆಂಪಗೆ ಕಂಡದ್ದನ್ನೆಲ್ಲ ಮಗನ ತಟ್ಟೆಗೆ ಬಡಿಸಿದರು. ಯಾರೋ ಹೇಳಿದ ಕಬ್ಬಿಣದ ಟಾನಿಕ್ಕನ್ನೂ ತರಿಸಿದ್ದರು. ಕಬ್ಬಿಣಕ್ಕೆ ಇಲ್ಲಿ ಕೊರತೆಯೇ ಇಲ್ಲ, ಅದನ್ನು ತೆಗೆದುಕೊಂಡು ರಕ್ತ ಮಾಡುವ ಜಾಗ ಕೆಟ್ಟಿದೆ ಎಂದು ಡಾಕ್ಟರು ಆ ಬಾಟಲಿಯನ್ನು ಬಿಡಿಸಿದರು.

ಆ ದೊಡ್ಡ ಆಸ್ಪತ್ರೆಯಲ್ಲಿ ಮೊದಲನೆಯ ಸಲ ರಕ್ತ ಏರಿಸುವ ಮುಂಚೆ ಮನೆಯವರ ಪರೀಕ್ಷೆ. ಅತ್ತೆಗೆ ವಯಸ್ಸಾಗಿತ್ತು, ಬೇಡವೆಂದರು. ನಾನು ತೋಳು ಚಾಚಿ ಕೂತೆ. ನನ್ನ ರಕ್ತಕ್ಕಲ್ಲದೆ ಇನ್ಯಾರ ರಕ್ತಕ್ಕೆ ಆ ಹಕ್ಕು ಎಂಬ ಗರ್ವ ನನಗೆ. ಬಿಳಿ ಬಿಲ್ಲೆಯ ಮೇಲೆ ಹನಿ ಹಾಕಿ ಅಲುಗಾಡಿಸಿದರು. ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು. ಅವರದು ಓ ಗುಂಪು, ನನ್ನದು ಬಿ. ನನ್ನ ರಕ್ತದ ಒಂದು ಬಾಟಲಿ ಅವರ ಮೈಗೆ ಹೋದರೆ ಅಲ್ಲಿಗೇ ಮುಗಿಯಿತಂತೆ.

ಅತ್ತೆ ಬಿಡಲಿಲ್ಲ. ಧಾರೆ ಎರೆದ ದಿನವೇ ಇವಳು ನಮ್ಮ ಗೋತ್ರಕ್ಕೆ ಬಂದಾಯಿತಲ್ಲ, ಮತ್ತೆ ರಕ್ತ ಯಾಕೆ ಕೂಡುವುದಿಲ್ಲ ಎಂದು ಡಾಕ್ಟರನ್ನೇ ಕೇಳಿದರು. ಗೋತ್ರ ಎಂದರೇನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಗಂಭೀರವಾಗಿ ತಲೆಯಾಡಿಸಿ ಹೊರಟುಹೋದರು. ನನ್ನ ಗಂಡ ಮಲಗಿದಲ್ಲೇ ನಕ್ಕರು. ನಗು ಬರದವಳು ನಾನೊಬ್ಬಳೇ.

ಆಗ ಬಂದಳು ಅವಳು. ಧಾರವಾಡದವಳು, ತಿರುವನಂತಪುರದ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ, ಮದುವೆಯಾಗಿರಲಿಲ್ಲ. ಊರಿನಲ್ಲಿ ಬೆರಳೆಣಿಕೆಯ ಕನ್ನಡದವರು. ಯಾರಿಂದಲೋ ಸುದ್ದಿ ತಿಳಿದು, ಮಧ್ಯಾಹ್ನ ಅರ್ಧ ರಜೆ ಹಾಕಿ, ಛತ್ರಿ ಮಡಚುತ್ತಾ ವಾರ್ಡಿಗೆ ಬಂದು ನಿಂತಳು. ಎತ್ತರ, ಕೆಂಪು ಮೈಬಣ್ಣ, ದೊಡ್ಡ ಗಂಟಲು. ಅವಳ ರಕ್ತ ಓ.

"ವೈನಿ, ನೀವು ಚಿಂತಿ ಮಾಡಬ್ಯಾಡ್ರಿ," ಎಂದಳು ನನಗೆ, ಪರಿಚಯವಾಗಿ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಆಗಿರಲಿಲ್ಲ. "ಜ್ವಾಳದ ರೊಟ್ಟಿ ತಿಂದ ರಕ್ತ ಅದ. ಅಣ್ಣಾವ್ರು ಹ್ಯಾಂಗ ಓಡ್ಯಾಡ್ತಾರ ನೋಡ್ರಿ."

ವೈನಿ ಎಂದರೆ ಅವರ ಕಡೆ ಅತ್ತಿಗೆ. ಕೇಳದೆಯೇ ನನಗೊಬ್ಬಳು ನಾದಿನಿ ಸಿಕ್ಕಿದಳು.

ಅತ್ತೆ ಅವಳ ಗೋತ್ರ ವಿಚಾರಿಸಿದರು. ಭಾರದ್ವಾಜ ಎಂದಳು. ನಮ್ಮದೂ ಅದೇ. ಅತ್ತೆಯ ಮುಖ ಅರಳಿದ್ದನ್ನು ಏನು ಹೇಳಲಿ. ಒಂದೇ ಗೋತ್ರದವರು ಅಣ್ಣತಂಗಿಯರು, ಅದಕ್ಕೇ ರಕ್ತ ಕೂಡಿತು ಎಂದು ಇಡೀ ವೈದ್ಯಶಾಸ್ತ್ರವನ್ನು ಒಂದೇ ಮಾತಿನಲ್ಲಿ ಬಗೆಹರಿಸಿದರು. ಹಾಗಾದರೆ ನನ್ನ ಗೋತ್ರವೂ ಈಗ ಅದೇ ಅಲ್ಲವೇ ಎಂದು ಕೇಳಿದೆ.

"ನೀ ಬಂದು ಸೇರಿದವಳು ಮಾರಾಯ್ತಿ. ಅವಳು ಹುಟ್ಟಿದ್ದೇ ಅದ್ರಲ್ಲಿ," ಎಂದರು ಅತ್ತೆ. "ಮಂತ್ರ ಹೇಳಿದ್ದು ರಕ್ತಕ್ಕೆ ಕೇಳ್ತದಾ?"

ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಂದಿನಿಂದ ನೀನು ಈ ಮನೆಯವಳು, ಈ ಮನೆಯವಳು ಎಂದು ತವರಿಗೆ ಹೋಗಲೂ ಬಿಡದ ಹೆಂಗಸು ಹೀಗೆ ಹೇಳುವುದೇ?

ತಿರುವನಂತಪುರದ ತಂಪಾನೂರಿನಲ್ಲಿ ರೈಲು ನಿಲ್ದಾಣದ ಹಿಂದೆ, ಒಲೆ ಹಚ್ಚಲು ಜಾಗವಿದ್ದ ಒಂದು ಕೋಣೆ ಹಿಡಿದಿದ್ದೆವು. ರಕ್ತ ಕೊಟ್ಟ ಮರುದಿನ ಅತ್ತೆ ಅವಳನ್ನು ಊಟಕ್ಕೆ ಕರೆದರು. ಮಣೆ ಹಾಕಿ, ತುದಿಬಾಳೆಯೆಲೆ ಹಾಕಿ, ತಾವೇ ಬಡಿಸಿದರು. ಮಗನ ಜೀವ ಉಳಿಸಿದವಳು ಉಣ್ಣುವ ಮೊದಲು ಮನೆಯವರು ಉಣ್ಣಬಾರದು ಎಂಬ ಕಟ್ಟಳೆಯನ್ನೂ ಅಲ್ಲೇ ಹುಟ್ಟಿಸಿದರು. ಸಾರು ತುಂಬಾ ಸಪ್ಪೆ ಎಂದು ಅವಳು ನಕ್ಕು ಹೇಳಿದಾಗ, ಅದನ್ನು ಮಾಡಿದವಳು ನಾನು, ಅತ್ತೆಯೂ ನಕ್ಕರು. ಕುಂಕುಮ ಕೊಡುವಾಗ ತಮ್ಮ ಪೆಟ್ಟಿಗೆಯ ತಳದಿಂದ ನೇರಳೆ ಬಣ್ಣದ ರೇಷ್ಮೆ ಸೀರೆ ತೆಗೆದರು. ಮುಂದಾಲೋಚನೆಯಿಂದ ಕೊಚ್ಚಿಯಿಂದಲೇ ಹೊತ್ತು ತಂದಿದ್ದರು. ಆ ಸೀರೆಯ ಮೇಲೆ ನನಗೆ ಮದುವೆಯಾದ ವರ್ಷದಿಂದ ಕಣ್ಣಿತ್ತು.

ನಿಜ ಹೇಳಬೇಕು, ಅವರು ಸುಧಾರಿಸಿದರು. ಹೊಸ ರಕ್ತ ಏರಿದ ಮೊದಲ ಸಂಜೆ ಚಳಿ ಬಂದು ಹಲ್ಲು ಕಟಕಟ ಅಂದಿತು, ಆಮೇಲೆ ತುಟಿಗೆ ಬಣ್ಣ ಬಂತು. ಮಟ್ಟಾಂಚೇರಿಗೆ ಮರಳಿದಾಗ ಮೆಟ್ಟಿಲನ್ನು ನಿಲ್ಲದೆ ಹತ್ತಿದರು. ನಾನು ದೇವರಿಗೆ ಕೈಮುಗಿಯಬೇಕಿತ್ತು. ಅಷ್ಟರಲ್ಲಿ ಅವರು ತಟ್ಟೆಯ ಮುಂದೆ ಕೂತು, "ಸ್ವಲ್ಪ ಖಾರದ್ದು ಎಂತಾದ್ರೂ ಉಂಟಾ?" ಎಂದರು.

"ನೋಡಿದ್ಯಾ," ಎಂದರು ಅತ್ತೆ ಒಳಗಿನಿಂದಲೇ. "ಅವಳ ರಕ್ತ ಕೇಳ್ತಾ ಉಂಟು."

ಅಂದು ನಾನು ಅವರಿಗೆ ಬಡಿಸಿದ್ದು ಮಜ್ಜಿಗೆ ಅನ್ನ.

ಆ ಬಣ್ಣ ಕೆಲವು ವಾರ ಇರುತ್ತಿತ್ತು, ಮತ್ತೆ ಮಾಸುತ್ತಿತ್ತು. ಬೆಳಕಿನ ಕಡೆ ತಿರುಗಿಸಿ ಅವರ ಕೆಳರೆಪ್ಪೆ ಎಳೆದು ನೋಡುವುದನ್ನು ಕಲಿತೆ. ಅಲ್ಲಿ ಬಿಳಿ ಕಂಡರೆ ತಿರುವನಂತಪುರದ ಬಸ್ಸು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಕೊಳವೆಯಲ್ಲಿ ಕರಗಿಸಿ, ಪಕ್ಕದ ಕಂದು ಗಾಜಿನ ಬಣ್ಣವನ್ನು ಹೋಲುವವರೆಗೆ ನೀರು ಬೆರೆಸಿ ನೋಡುತ್ತಿದ್ದರು. ಎಷ್ಟು ಬೇಗ ಬಣ್ಣ ತೆಳುವಾಗುತ್ತದೋ ಅಷ್ಟು ಕೆಟ್ಟ ಸುದ್ದಿ. ಒಬ್ಬರೇ ಮತ್ತೆ ಮತ್ತೆ ರಕ್ತ ಕೊಡುವಂತಿಲ್ಲವಾದ್ದರಿಂದ ನಡುನಡುವೆ ಬೇರೆಯವರೂ ಕೊಟ್ಟರು: ನನ್ನ ಗಂಡನ ಕಚೇರಿಯ ಒಬ್ಬ ಗುಮಾಸ್ತ, ಒಬ್ಬ ಕಾಲೇಜು ಹುಡುಗ. ಅವರ ಮೇಲೆ ನನಗೆ ಕಿಂಚಿತ್ತೂ ಹೊಟ್ಟೆಕಿಚ್ಚಾಗಲಿಲ್ಲ. ಗುಮಾಸ್ತನ ರಕ್ತ ಏರಿದಾಗ ಅವರು ಏನನ್ನು ತಿನ್ನಲು ಕೇಳಿದರೆಂದು ನೆನಪೂ ಇಲ್ಲ. ಆದರೆ ಅವಳು ಮಾತ್ರ ರಕ್ತ ಕೊಡುವ ಸರದಿ ಇಲ್ಲದಾಗಲೂ ಬರುತ್ತಿದ್ದಳು. ಮಂಚದ ಪಕ್ಕದ ಸ್ಟೂಲು ನನ್ನದು. ಅದರ ಮೇಲೆ ಕೂತು ಕಚೇರಿಯ ಕಥೆ ಹೇಳಿ ಅವರನ್ನು ನಗಿಸುತ್ತಿದ್ದಳು. ನಗಬಾರದು, ಹೊಟ್ಟೆಗೆ ಒತ್ತಡವಾಗುತ್ತದೆ ಎಂದು ನಾನು ಹೇಳಿ ನೋಡಿದೆ. ಡಾಕ್ಟರು ಹಾಗೇನೂ ಹೇಳಿರಲಿಲ್ಲ.

ಒಮ್ಮೆ ಅವರಿಗೇ ಕೇಳಿದೆ. "ಅವಳ ರಕ್ತ ಬಂದ ಮೇಲೆ ನಿಮಗೆ ಅವಳ ಮೇಲೆ ಏನಾದ್ರೂ ಅನ್ನಿಸ್ತದಾ?"

"ಅನ್ನಿಸ್ತದೆ," ಎಂದರು. "ಮೆಟ್ಲು ಹತ್ಬೇಕು ಅಂತ ಅನ್ನಿಸ್ತದೆ."

ಇದು ಉತ್ತರವೇ? ಅವರಿಗೆ ನನ್ನ ಉರಿ ಒಂದು ಮನರಂಜನೆಯಾಗಿತ್ತು. ಮೈಯಲ್ಲಿ ಶಕ್ತಿ ಇಲ್ಲದಾಗಲೂ ನನ್ನನ್ನು ಕೆಣಕುವಷ್ಟು ಇರುತ್ತಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ಎರಡು ಸರದಿಗಳ ನಡುವಿನ ಅಂತರ ಕಿರಿದಾಯಿತು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಒಂದು ಸಲ ಹೋದಾಗ ನಿಲ್ಲಲೂ ಆಗದೆ ನನ್ನ ಭುಜ ಹಿಡಿದೇ ಆಸ್ಪತ್ರೆಯ ಬಾಗಿಲು ದಾಟಿದರು. ಆ ಸಲ ಓ ಗುಂಪಿನವರು ಯಾರೂ ಇರಲಿಲ್ಲ. ಗುಮಾಸ್ತನಿಗೆ ವರ್ಗವಾಗಿತ್ತು, ಹುಡುಗ ರಜೆಗೆ ಊರಿಗೆ ಹೋಗಿದ್ದ. ಅವಳು ಓಡಿ ಬಂದು ತೋಳು ಚಾಚಿದಳು, ಆದರೆ ಹಿಂದಿನ ಸಲ ಕೊಟ್ಟು ಸಾಕಷ್ಟು ಕಾಲವಾಗಿಲ್ಲವೆಂದು ಅವಳಿಂದ ತೆಗೆದುಕೊಳ್ಳಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು.

ರಕ್ತ ಇಡುವ ಕೋಣೆಯ ನರ್ಸ್ ಆಗ ಒಂದು ಮಾತು ಹೇಳಿದಳು. ಶೀತಪೆಟ್ಟಿಗೆಯಲ್ಲಿ ಓ ಗುಂಪಿನ ಬಾಟಲಿ ಇದೆ. ಅದನ್ನು ಕೊಡಬೇಕಾದರೆ ಬದಲಿಗೆ ಮನೆಯವರು ಯಾರಾದರೂ ಒಂದು ಬಾಟಲಿ ಕೊಡಬೇಕು. ಯಾವ ಗುಂಪಿನದಾದರೂ ನಡೆಯುತ್ತದೆ.

ಯಾವ ಗುಂಪಿನದಾದರೂ! ಇಷ್ಟು ದಿನ ಈ ಮಾತು ಯಾರೂ ಹೇಳಿರಲಿಲ್ಲ. ಓ ಗುಂಪಿನವರೇ ಎದುರಿಗೆ ಬಂದು ಕೂರುತ್ತಿದ್ದಾಗ ಹೇಳುವ ಪ್ರಮೇಯವೂ ಬಂದಿರಲಿಲ್ಲ. ನಾನು ಸೆರಗು ಸಿಕ್ಕಿಸಿ, ಧಾರವಾಡದವಳು ನೋಡುತ್ತಿರುವಂತೆಯೇ ಒಳಗೆ ಹೋಗಿ ಮಲಗಿದೆ. ರಬ್ಬರು ಕೊಳವೆಯಲ್ಲಿ ನನ್ನ ರಕ್ತ ಇಳಿದು ಗಾಜಿನ ಬಾಟಲಿ ತುಂಬುವುದನ್ನು ಕತ್ತು ತಿರುಗಿಸಿ ನೋಡಿದೆ. ಎಷ್ಟು ಕೆಂಪಗಿತ್ತು! ಅವಳದಕ್ಕಿಂತ ಕೆಂಪು ಎಂದು ಈಗಲೂ ಆಣೆ ಮಾಡಿ ಹೇಳುತ್ತೇನೆ. ಅತ್ತ ಅವರ ತೋಳಿಗೆ ಯಾರೋ ಗುರುತಿಲ್ಲದವರ ಓ ರಕ್ತ ಹನಿಯತೊಡಗಿತು. ಆ ದಿನ ಅವರನ್ನು ಉಳಿಸಿದ್ದು ನಾನು. ಅತ್ತೆಯೇ ಎದ್ದು ಹೋಗಿ ನನಗೆ ಕಿತ್ತಳೆ ರಸ ಹಿಂಡಿ ತಂದರು. ಸೀರೆ ಕೊಡಲಿಲ್ಲ, ಅದು ಬೇರೆ ಮಾತು.

ನನ್ನ ಬಾಟಲಿ ಎಲ್ಲಿ ಹೋಯಿತೆಂದು ಎರಡೇ ದಿನದಲ್ಲಿ ತಿಳಿಯಿತು. ಮೇಲಿನ ವಾರ್ಡಿನಲ್ಲಿ ಒಬ್ಬ ಬಡಗಿ, ನೆಯ್ಯಾಟ್ಟಿಂಕರ ಕಡೆಯವನು, ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರಿ ಬಂದಿದ್ದ. ಅವನದು ಬಿ. ಕುತ್ತಿಗೆಯಲ್ಲಿ ಶಿಲುಬೆಯ ಸರವಿದ್ದ ಅವನ ಹೆಂಡತಿ ನರ್ಸನ್ನು ಕಾಡಿ ಕೇಳಿ ತಿಳಿದುಕೊಂಡು, ನೇಂದ್ರ ಬಾಳೆಯ ಚಿಪ್ಪು ಹೊತ್ತು ನಮ್ಮ ಮಂಚದ ಬಳಿ ಬಂದಳು. ನನ್ನ ಕೈ ಹಿಡಿದು ಚೇಚ್ಚಿ, ಚೇಚ್ಚಿ ಎಂದು ಅತ್ತಳು. ಇಂದಿನಿಂದ ತನ್ನ ಗಂಡನಿಗೆ ನೀವು ಅಕ್ಕ ಎಂದಳು. ಅವಳು ಹೋದ ಮೇಲೆ ಅತ್ತೆ ಬಹಳ ಹೊತ್ತು ಯೋಚಿಸಿ, ಅವರದು ಯಾವ ಗೋತ್ರವಂತೆ ಎಂದು ಕೇಳಿದರು.

ಅವಳ ಗಂಡ ದಿನದಿನಕ್ಕೆ ಚೇತರಿಸಿಕೊಂಡ. ಶಸ್ತ್ರಚಿಕಿತ್ಸೆಯಾಯಿತು, ಎದ್ದು ಕೂತ, ಗಂಜಿ ಕುಡಿದ. ಅವಳು ಕೆಳಗೆ ಇಳಿದು ಬಂದು ವರದಿ ಕೊಡುತ್ತಿದ್ದಳು. ನಾನೂ ಒಮ್ಮೊಮ್ಮೆ ಮೇಲೆ ಹೋಗಿ ನೋಡಿ ಬರುತ್ತಿದ್ದೆ. ನನ್ನ ಗಂಡನ ಮುಖ ಸಣ್ಣದಾಯಿತು.

"ನಿನ್ನ ತಮ್ಮ ಹೇಗಿದ್ದಾನೆ?" ಎಂದರು ಒಂದು ದಿನ, ಗೋಡೆ ನೋಡುತ್ತಾ.

"ಹುಷಾರಿದ್ದಾನೆ. ನಡೆದಾಡ್ತಾನೆ."

"ನನಗೆ ಒಂದು ಹನಿ ಬರ್ಲಿಲ್ಲ ನಿನ್ನದು. ಅವನಿಗೆ ಬಾಟ್ಲಿಗಟ್ಲೆ."

"ಒಂದೇ ಬಾಟ್ಲಿ."

"ಒಂದು ಸಾಕಾಯ್ತಲ್ಲ ಅವನಿಗೆ," ಎಂದರು.

ಮೊದಲಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈ ಉರಿ ಏನೆಂದು ಈಗ ಅವರಿಗೂ ತಿಳಿಯಲಿ. ಧಾರವಾಡದವಳು ಅಲ್ಲೇ ಇದ್ದಳು, ಚಪ್ಪಾಳೆ ತಟ್ಟಿ ನಕ್ಕಳು. "ಈಗ ಗೊತ್ತಾತೇನ್ರಿ ಅಣ್ಣಾ, ವೈನಿ ನನ್ನ ಮ್ಯಾಲೆ ಯಾಕ ಕಣ್ಣು ಬಿಡ್ತಿದ್ರು ಅಂತ?" ಅಂದರೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬರುತ್ತಿದ್ದಳು. ಅದಕ್ಕಾಗಿ ಅವಳನ್ನು ಮೆಚ್ಚಿಕೊಳ್ಳಬೇಕೋ ಇನ್ನಷ್ಟು ದ್ವೇಷಿಸಬೇಕೋ ತಿಳಿಯದೆ ಬಾಳೆಹಣ್ಣು ಸುಲಿದು ಅವಳಿಗೆ ಕೊಟ್ಟೆ. ನನ್ನ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಒಂದು ಸಾಕಾಯ್ತಲ್ಲ ಎಂದ ಮಾತು ಸಂಜೆಯವರೆಗೂ ಕಿವಿಯಲ್ಲಿತ್ತು.

ಮತ್ತೆರಡು ಸರದಿ ರಕ್ತ ಏರಿಸಿದರು. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈಗ ಏರಿಸಿದ್ದು ಮೊದಲಿನಷ್ಟು ದಿನ ನಿಲ್ಲುತ್ತಿಲ್ಲ, ಕೆಲವು ದಿನ ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದರು. ಗುಲ್ಮವನ್ನಾದರೂ ತೆಗೆಯಬಾರದೇ ಎಂದು ಕೇಳಿದೆ. ಈಗ ಚೂರುಪಾರು ರಕ್ತ ಹುಟ್ಟುತ್ತಿರುವುದೇ ಅಲ್ಲಿ, ಅದನ್ನೂ ಕಿತ್ತರೆ ಉಳಿಯುವುದೇನು ಎಂದರು. ಅದು ನನಗೆ ಅರ್ಥವಾಯಿತು. ಅವರಿಗೆ ಹೇಳಲಿಲ್ಲ. ಹೇಳದೆಯೇ ಅವರಿಗೂ ಅರ್ಥವಾಗಿತ್ತು.

ಕೊಚ್ಚಿಗೆ ಹೊರಟ ಬೆಳಿಗ್ಗೆ ತಂಪಾನೂರಿನ ಬಸ್ ನಿಲ್ದಾಣದಲ್ಲಿ ಆ ಬಡಗಿ ದಂಪತಿ ಸಿಕ್ಕಿದರು. ಅವರೂ ಅದೇ ದಿನ ಮನೆಗೆ ಹೊರಟಿದ್ದರು. ಅವನು ಶರಟು ಇಸ್ತ್ರಿ ಮಾಡಿ ಹಾಕಿಕೊಂಡಿದ್ದ, ಕೆನ್ನೆ ತುಂಬಿತ್ತು. ನಮ್ಮ ಬಸ್ಸಿನ ಮೆಟ್ಟಿಲು ಎತ್ತರ. ಇವರು ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲಾಗದೆ ಕಂಬಿ ಹಿಡಿದು ನಿಂತರು. ನಾನು ಹಿಂದಿನಿಂದ ತಳ್ಳಿದೆ, ಅತ್ತೆ ಗಣಪತಿಯನ್ನು ಕರೆದರು. ಆ ಬಡಗಿ ಎರಡೇ ಹೆಜ್ಜೆಗೆ ಬಂದು, ಇವರ ಕಂಕುಳಲ್ಲಿ ಕೈ ಕೊಟ್ಟು, ಎತ್ತಿ ಒಳಗೆ ಕೂರಿಸಿದ. ಮರದ ಕೆಲಸ ಮಾಡಿದ ತೋಳು, ನರಗಳು ಉಬ್ಬಿ ಕಾಣುತ್ತಿದ್ದವು. ಆ ನರಗಳನ್ನು ನಾನು ನೋಡಿದೆ. ನನ್ನ ಗಂಡನೂ ನೋಡಿದರು.

ಅಷ್ಟರಲ್ಲಿ ಅವನ ಹೆಂಡತಿ ಕೂಗಾಡಲು ಶುರುಮಾಡಿದಳು. ಹೊಟ್ಟೆಯ ಹೊಲಿಗೆ ಬಿಚ್ಚಿದರೆ ಏನು ಮಾಡುತ್ತೀ, ತಲೆಯಲ್ಲಿ ಬುದ್ಧಿ ಇದೆಯಾ, ಎತ್ತಬೇಡ ಎಂದು ಡಾಕ್ಟರು ಹೇಳಿದ್ದು ಕಿವಿಗೆ ಬೀಳಲಿಲ್ಲವಾ, ಸತ್ತರೆ ನನಗೇನೂ ಇಲ್ಲ ಹೋಗು ಎಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಮಲಯಾಳದಲ್ಲಿ ಬೈದಳು. ಅವನು ತಲೆ ತಗ್ಗಿಸಿಕೊಂಡು, ನಗು ಬಿಗಿಹಿಡಿದು, ಅವಳ ಹಿಂದೆ ತಮ್ಮ ಬಸ್ಸಿನ ಕಡೆ ನಡೆದ. ಅಲ್ಲಿ ತಲುಪುವವರೆಗೂ ಬೈಯುತ್ತಲೇ ಇದ್ದಳು.

ನಾನು ಕಿಟಕಿಯಿಂದ ಅವಳನ್ನೇ ನೋಡಿದೆ. ನೇರಳೆ ಸೀರೆ ಹೋದಾಗಲೂ, ನನ್ನ ಸ್ಟೂಲಿನ ಮೇಲೆ ಇನ್ನೊಬ್ಬಳು ಕೂತಾಗಲೂ ಆಗದಂಥ ಹೊಟ್ಟೆಕಿಚ್ಚು ಆಗ ಎದ್ದಿತು. ಗಂಡ ಬದುಕುತ್ತಾನೆಂದು ಗೊತ್ತಿರುವ ಹೆಂಡತಿ ಮಾತ್ರ ಹಾಗೆ ಬೈಯಬಲ್ಲಳು. ಹೀರೆಕಾಯಿಯ ಸಂಗತಿ ತಿಳಿದ ದಿನದಿಂದ ನಾನು ನನ್ನ ಗಂಡನಿಗೆ ಒಂದು ಗಟ್ಟಿ ಮಾತು ಆಡಿರಲಿಲ್ಲ. ಮೆಲ್ಲಗೆ, ನಯವಾಗಿ, ಬೆಚ್ಚಗೆ ಮಾತಾಡಿ ಮಾತಾಡಿ, ಅವರು ಸಾಯುತ್ತಾರೆಂದು ದಿನವೂ ಅವರಿಗೇ ಹೇಳಿದ ಹಾಗಾಗಿತ್ತು.

ಬಸ್ಸು ಹೊರಟಿತು. ಅವರ ಕಾಲು ನಡುದಾರಿಗೆ ಚಾಚಿಕೊಂಡಿತ್ತು.

"ಕಾಲು ಒಳಗೆ ಎಳ್ಕೊಳ್ಳಿ," ಎಂದೆ, ಇಡೀ ಬಸ್ಸು ತಿರುಗಿ ನೋಡುವಷ್ಟು ಜೋರಾಗಿ. "ಎಷ್ಟು ಸಲ ಹೇಳುದು ನಿಮಗೆ? ಬಂದವರೆಲ್ಲ ತುಳಿದು ಹೋಗ್ಲಿ ಅಂತಲಾ? ಸ್ವಲ್ಪವಾದ್ರೂ ಗಮನ ಬೇಡ್ವಾ ಮನುಷ್ಯನಿಗೆ?"

ಅತ್ತೆ ಹೌಹಾರಿ ನನ್ನ ಕಡೆ ತಿರುಗಿದರು. ನನ್ನ ಗಂಡ ಕಾಲು ಒಳಗೆಳೆದುಕೊಂಡರು. ನನ್ನ ಮುಖವನ್ನೇ ನೋಡಿದರು, ಬಿಳಿಚಿದ ತುಟಿ ನಗುವಿನಲ್ಲಿ ಅಗಲವಾಯಿತು. ಸ್ವಲ್ಪ ಹೊತ್ತು ಕಳೆದು, ನಾನು ಸುಮ್ಮನಾದದ್ದು ಕಂಡು, ಮೆಲ್ಲಗೆ ಕಾಲನ್ನು ಮತ್ತೆ ಹೊರಗೆ ಚಾಚಿದರು.